ಪೋರ್ಷೆ 944ರ ಎಂಜಿನ್ ಸೆನ್ಸರ್‌ಗಳು: ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಕೂಡದು

1982ರಿಂದ 1991ರವರೆಗೆ ಬಂದ ಪೋರ್ಷೆ 944ರಲ್ಲಿ ಪೆಟ್ರೋಲನ್ನೂ ಕಿಡಿಯನ್ನೂ ನೋಡಿಕೊಳ್ಳುವುದು ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ. ಬೆಂಗಳೂರಿನವರು ಆಡುಗೋಡಿಯ ಮೈಕೋ ಎಂದೇ ಬಲ್ಲ ಅದೇ ಬಾಷ್. ಅಗ್ಗದ ಸೆನ್ಸರ್ ಹುಡುಕುವವರಿಗೆ ದಾರಿ ತೆರೆಯುವುದು ಇಲ್ಲೇ. ಪೋರ್ಷೆ ಡಬ್ಬಿಯಲ್ಲಿ ಬರುವ ಭಾಗ ಬಹುಪಾಲು ಬಾಷ್‌ನದೇ ಆಗಿರುತ್ತದೆ, ಮತ್ತು ಅದೇ ಕಾಲದ ಬಿಎಂಡಬ್ಲ್ಯು, ವೋಲ್ವೊ, ಫೋರ್ಡ್ ಕಾರುಗಳಲ್ಲೂ ಅದರ ಒಡಹುಟ್ಟಿದವು ಇರುತ್ತವೆ. ಹಾಗಾಗಿ ನಾನು ಮೊದಲು ಹಳೆಯ ಸೆನ್ಸರ್ ಬಿಚ್ಚಿ, ಒರೆಸಿ, ಮೈಮೇಲಿನ ಬಾಷ್ ನಂಬರ್ ಬರೆದುಕೊಳ್ಳುತ್ತೇನೆ. ಅಂಗಡಿಯವರಿಗೆ ಕಾರಿನ ಹೆಸರು ಹೇಳುವುದಿಲ್ಲ, ನಂಬರ್ ಹೇಳುತ್ತೇನೆ. ಇಲ್ಲಿ ಬರೆದಿರುವುದು ಟರ್ಬೊ ಇಲ್ಲದ 2.5 ಲೀಟರ್, ಎಂಟು ವಾಲ್ವ್ ಎಂಜಿನ್ನಿನ ಮಾತು.

ಕೊಳ್ಳುವ ಮೊದಲು ಅಳೆಯಬೇಕು. ಸ್ಟಾರ್ಟ್ ಆಗದ 944 ಕಂಡ ಕೂಡಲೇ ಸೆನ್ಸರ್ ತರಿಸುವವರು ಬಹಳ, ಆದರೆ ನಿಜವಾದ ಕಳ್ಳ ಎಷ್ಟೋ ಸಲ ಡಿಎಂಇ ರಿಲೇ, ಅಂದರೆ ಎಂಜಿನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡುವ ಸ್ವಿಚ್. ಅದರ ಒಳಗಿನ ಬೆಸುಗೆ ಬಿರುಕು ಬಿಡುತ್ತದೆ. ಸ್ಟಾರ್ಟರ್ ತಿರುಗಿಸುವಾಗ ಎಂಜಿನ್ ವೇಗ ತೋರಿಸುವ ಟ್ಯಾಕೊಮೀಟರಿನ ಮುಳ್ಳು ನೋಡಿ. ಅದು ಸ್ವಲ್ಪ ಅಲುಗಾಡಿದರೂ ಕಂಪ್ಯೂಟರಿಗೆ ಕರೆಂಟೂ ಫ್ಲೈವೀಲಿನ (ಎಂಜಿನ್ ಹಿಂದೆ ತಿರುಗುವ ದಪ್ಪ ಚಕ್ರ) ಸಿಗ್ನಲ್ಲೂ ತಲುಪುತ್ತಿವೆ ಎಂದೇ ಅರ್ಥ, ತೊಂದರೆಯನ್ನು ಪೆಟ್ರೋಲ್ ಕಡೆ ಹುಡುಕಿ. ಮುಳ್ಳು ಸತ್ತಂತೆ ಬಿದ್ದಿದ್ದರೆ ರಿಲೇ ತೆಗೆದು, ಸಾಕೆಟ್ಟಿನ 30, 87, 87ಬಿ ಎಂಬ ಮೂರು ಪಿನ್ನುಗಳನ್ನೂ ಫ್ಯೂಸ್ ಇರುವ ವೈರಿನಿಂದ ಸೇರಿಸಿ ನೋಡಿ. ಎಂಜಿನ್ ಹತ್ತಿಕೊಂಡರೆ ರಿಲೇ ಹೋಗಿದೆ. ಈ ವೈರ್ ಹಾಕಿಕೊಂಡೇ ಓಡಾಡಬೇಡಿ. ಎಂಜಿನ್ ನಿಂತರೂ ಪಂಪ್ ಓಡುತ್ತಲೇ ಇರುತ್ತದೆ, ಅಪಘಾತವಾದರೆ ಅದೇ ಬೆಂಕಿಗೆ ದಾರಿ.

ರಿಲೇ ಚೆನ್ನಾಗಿದ್ದೂ ಮುಳ್ಳು ಅಲುಗದಿದ್ದರೆ ಆಗ ಸರದಿ ಫ್ಲೈವೀಲನ್ನೂ ಕ್ಲಚ್ಚನ್ನೂ ಮುಚ್ಚಿರುವ ಬೆಲ್ ಹೌಸಿಂಗ್ ಮೇಲಿನ ಎರಡು ಸೆನ್ಸರ್‌ಗಳದ್ದು. ಒಂದು ಸ್ಪೀಡ್ ಸೆನ್ಸರ್, ಫ್ಲೈವೀಲ್ ರಿಂಗ್ ಗೇರಿನ 132 ಹಲ್ಲುಗಳನ್ನು ಎಣಿಸುತ್ತದೆ. ಇನ್ನೊಂದು ರೆಫರೆನ್ಸ್ ಸೆನ್ಸರ್, ಫ್ಲೈವೀಲಿನ ಒಂದೇ ಒಂದು ಗುರುತನ್ನು ಹಿಡಿದು ಪಿಸ್ಟನ್ ಎಲ್ಲಿದೆ ಎಂದು ತಿಳಿಸುತ್ತದೆ. ಎರಡೂ ಒಂದೇ ಭಾಗ, ಜಾಗ ಮಾತ್ರ ಬೇರೆ. ಯಾವುದು ಕೈಕೊಟ್ಟರೂ ಎಂಜಿನ್ ಇಲ್ಲ. ಮಲ್ಟಿಮೀಟರಿನಲ್ಲಿ 1 ಮತ್ತು 2ನೇ ಪಿನ್ ನಡುವೆ 600ರಿಂದ 1600 ಓಮ್ ಬರಬೇಕು. 3ನೇ ಪಿನ್ ಶೀಲ್ಡಿನದು (ವೈರಿನ ಸುತ್ತ ಹೊರಗಿನ ಗದ್ದಲ ತಡೆಯುವ ಹೊದಿಕೆ); ಅದಕ್ಕೂ ಉಳಿದೆರಡಕ್ಕೂ ನಡುವೆ 100 ಕಿಲೋ ಓಮ್‌ಗಿಂತ ಹೆಚ್ಚಿರಬೇಕು. ತಣ್ಣಗಿದ್ದಾಗ ಸರಿ ತೋರಿಸಿ, ಬಿಸಿಯಾದಾಗ ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸುವ ಸೆನ್ಸರ್‌ಗಳೂ ಉಂಟು. ಕಾಯಿಲ್ ಒಳಗೆ ಕೂದಲೆಳೆಯಷ್ಟು ಬಿಟ್ಟುಕೊಂಡಿರುತ್ತದೆ, ಶಾಖಕ್ಕೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ. ಹೇರ್ ಡ್ರೈಯರಿನಿಂದ ಬಿಸಿಮಾಡುತ್ತಾ ಮೀಟರ್ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಸೆನ್ಸರಿಗಿಂತ ಮೊದಲು ಸಾಯುವುದು ಅದರ ಕನೆಕ್ಟರ್ ಎಂಬುದನ್ನೂ ನೆನಪಿಡಿ. ಎಂಜಿನ್ ಹಿಂಬದಿಯ ಕಾವಿಗೆ ಪ್ಲಾಸ್ಟಿಕ್ ಹಪ್ಪಳದಂತಾಗಿ ಕೈಗೇ ಪುಡಿಯಾಗುತ್ತದೆ. ಹೊಸ ಹೌಸಿಂಗ್, ಪಿನ್, ರಬ್ಬರ್ ಬೂಟುಗಳ ಕಿಟ್ ಸಿಗುತ್ತದೆ, ಬೆಲೆಯೂ ಕಡಿಮೆ.

ಈ ಎರಡರಲ್ಲಿ ಮಾತ್ರ ನಾನು ಹೆಸರಿಲ್ಲದ ಮಾಲು ಹಾಕುವುದಿಲ್ಲ. ಅಗ್ಗದವುಗಳಲ್ಲಿ ಮೈಯ ಉದ್ದ ಅರ್ಧ ಮಿಲಿಮೀಟರ್ ಆಚೀಚೆ ಇರುತ್ತದೆ, 0.8 ಮಿ.ಮೀ. ಅಂತರದಲ್ಲಿ ಕೆಲಸ ಮಾಡುವ ಭಾಗಕ್ಕೆ ಅದು ಸಣ್ಣ ವಿಷಯವಲ್ಲ. ವೈರಿಗೆ ಸರಿಯಾದ ಶೀಲ್ಡ್ ಇಲ್ಲದಿದ್ದರೆ ಇಗ್ನಿಷನ್‌ನ ಗದ್ದಲ ಸಿಗ್ನಲ್ ಒಳಗೆ ನುಗ್ಗುತ್ತದೆ, ಆರ್‌ಪಿಎಂ ಏರಿದಾಗ ಎಂಜಿನ್ ಮುಗ್ಗರಿಸುತ್ತದೆ. ಉಳಿತಾಯದ ದಾರಿ ಬೇರೆ ಇದೆ. 1980ರ ದಶಕದ ಬಿಎಂಡಬ್ಲ್ಯು ಇ30, ಇ28 ಕಾರುಗಳ ಮೊದಮೊದಲ ಮೋಟ್ರಾನಿಕ್‌ನಲ್ಲೂ ಫ್ಲೈವೀಲ್ ಮೇಲೆ ಇಂಥವೇ ಎರಡು ಬಾಷ್ ಸೆನ್ಸರ್ ಇದ್ದವು. ಬಿಎಂಡಬ್ಲ್ಯು ಹೆಸರಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗುತ್ತವೆ, 944ಗೆ ಹೊಂದುತ್ತವೆ. ಕೊಳ್ಳುವಾಗ ವೈರಿನ ಉದ್ದವನ್ನು ಹಳೆಯದರ ಜೊತೆ ಹಿಡಿದು ನೋಡಿ. ಫ್ಲ್ಯಾಂಜಿನಿಂದ ತುದಿಯವರೆಗಿನ ಅಳತೆಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ತೆಗೆದು ಹೋಲಿಸಿ. ವ್ಯತ್ಯಾಸ ಕಂಡರೆ ವಾಪಸ್ ಮಾಡಿ.

ಬಿಚ್ಚುವುದೇ ದೊಡ್ಡ ಕೆಲಸ. ಅಲ್ಯುಮಿನಿಯಂ ಬ್ರಾಕೆಟ್ಟಿಗೆ ಸೆನ್ಸರ್ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. 5 ಮಿ.ಮೀ. ಅಲನ್ ಬೋಲ್ಟ್ ತೆಗೆದು, ಮೇಲಕ್ಕೆ ಎಳೆಯುವ ಬದಲು ಎಡಕ್ಕೂ ಬಲಕ್ಕೂ ತಿರುಚುತ್ತಾ ಬಿಡಿಸಿ. ಎಳೆದರೆ ತಲೆ ಕಿತ್ತು ಬರುತ್ತದೆ, ಬುಡ ಒಳಗೇ ಉಳಿಯುತ್ತದೆ. ಬ್ರಾಕೆಟ್ ಅಲುಗಾಡಿಸದಿದ್ದರೆ ಅಂತರ ಮತ್ತೆ ಹೊಂದಿಸುವ ಅಗತ್ಯ ಬರುವುದಿಲ್ಲ. ಕ್ಲಚ್ ಕೆಲಸಕ್ಕೆಂದು ಬೆಲ್ ಹೌಸಿಂಗ್ ಬಿಚ್ಚಿದ್ದರೆ ಮಾತ್ರ ಹೊಂದಿಸಲೇಬೇಕು. ಅದಕ್ಕೆ ಕಂಪನಿಯ ವಿಶೇಷ ಸಾಧನ ಬೇಕಿಲ್ಲ. 0.8 ಮಿ.ಮೀ. ದಪ್ಪದ ವಾಷರನ್ನು ಹಳೆಯ ಸೆನ್ಸರಿನ ತುದಿಗೆ ಸೂಪರ್ ಗ್ಲೂನಿಂದ ಅಂಟಿಸಿ ಪೂರ್ತಿ ಒಣಗಲು ಬಿಡಿ, ಕಳಚಿಕೊಂಡು ಬೆಲ್ ಹೌಸಿಂಗ್ ಒಳಗೆ ಬಿದ್ದರೆ ತಲೆನೋವು. ಸ್ಪೀಡ್ ಸೆನ್ಸರಿನ ತೂತಿಗೆ ಅದನ್ನು ಬಿಗಿದು, ಬ್ರಾಕೆಟ್ ಸಡಿಲಿಸಿ, ವಾಷರ್ ಹಲ್ಲಿನ ನೆತ್ತಿಗೆ ತಾಗುವವರೆಗೆ ಬ್ರಾಕೆಟ್ ಇಳಿಸಿ ಬಿಗಿ ಮಾಡಿ. ಆಮೇಲೆ ಹಳೆಯದನ್ನು ತೆಗೆದು ಹೊಸವೆರಡನ್ನೂ ಕೂರಿಸಿ. ಅಂತರ ಹೆಚ್ಚಾದರೆ ಸ್ಟಾರ್ಟರಿನ ನಿಧಾನ ತಿರುಗಾಟಕ್ಕೆ ಸಿಗ್ನಲ್ ಸಾಲುವುದಿಲ್ಲ. ಕಡಿಮೆಯಾದರೆ ರಿಂಗ್ ಗೇರ್ ತುದಿಯನ್ನೇ ಕಡಿಯುತ್ತದೆ.

ಕನೆಕ್ಟರ್ ಹಾಕುವಾಗ ವೈರಿಂಗ್ ಮೇಲಿನ ಡಿಜಿ, ಬಿಜಿ ಗುರುತು ನೋಡಿ. ಡಿಜಿ ಸ್ಪೀಡ್, ಬಿಜಿ ರೆಫರೆನ್ಸ್. ಅದಲುಬದಲಾದರೆ ಹೊಸ ಸೆನ್ಸರ್ ಹಾಕಿಯೂ ಎಂಜಿನ್ ಹತ್ತುವುದಿಲ್ಲ. ಲೇಬಲ್ ಉದುರಿಹೋಗಿದ್ದರೆ ಬಿಚ್ಚುವ ಮೊದಲೇ ಬಣ್ಣದ ಟೇಪ್ ಸುತ್ತಿ.

ಕೂಲೆಂಟ್ ಟೆಂಪರೇಚರ್ ಸೆನ್ಸರಿನಲ್ಲಿ ಧಾರಾಳವಾಗಿ ಉಳಿಸಬಹುದು. ಎರಡು ಪಿನ್ನಿನ ಈ ಬಾಷ್ ಸೆನ್ಸರ್ ಯುರೋಪಿನ ಹತ್ತಾರು ಕಾರುಗಳಲ್ಲಿ ಕೂತಿದೆ. ಇಟಲಿಯ ಫೇಸೆಟ್, ಸ್ಪೇನಿನ ಎಫ್‌ಎಇ ಮಾಡಿದ್ದೂ ನಡೆಯುತ್ತದೆ. ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುವ ಸೆಂಡರ್ ಬೇರೆ, ಕಂಪ್ಯೂಟರಿಗೆ ಹೋಗುವ ಇದು ಬೇರೆ, ಕಲಸಿಕೊಳ್ಳಬೇಡಿ. ಹೊಸದನ್ನು ಹಾಕುವ ಮೊದಲು ಥರ್ಮಾಮೀಟರ್ ಇಟ್ಟ ನೀರಿನ ಪಾತ್ರೆಯಲ್ಲಿ ಅದರ ತುದಿ ಮುಳುಗಿಸಿ ಅಳೆಯಿರಿ: 20 ಡಿಗ್ರಿಗೆ ಸುಮಾರು 2500 ಓಮ್, 40ಕ್ಕೆ 1200ರ ಆಸುಪಾಸು, 80ಕ್ಕೆ 300ರಿಂದ 350. ವೈರ್ ಕಡಿದಿದ್ದರೆ ಎಂಜಿನ್ ಹಿಮದಲ್ಲಿದೆ ಎಂದು ಕಂಪ್ಯೂಟರ್ ತಿಳಿದು ಪೆಟ್ರೋಲ್ ಸುರಿಯುತ್ತದೆ, ಕಪ್ಪು ಹೊಗೆ ಬರುತ್ತದೆ. ಶಾರ್ಟ್ ಆಗಿದ್ದರೆ ಎಂಜಿನ್ ಕಾದಿದೆ ಎಂದುಕೊಳ್ಳುತ್ತದೆ, ಬೆಳಗಿನ ಸ್ಟಾರ್ಟ್ ಕಷ್ಟ.

ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಮೀಟರ್ ಹೊಸದು ಕೊಳ್ಳುವ ಮಾತೇ ಬೇಡ. ಒಳಗಿನ ಕಾರ್ಬನ್ ಪಟ್ಟಿಯಲ್ಲಿ ವೈಪರ್ (ಪಟ್ಟಿಗೆ ತಾಗಿ ಸರಿಯುವ ತೋಳು) ಓಡಿ ಗೀರು ಬಿದ್ದಿರುತ್ತದೆ, ಅಷ್ಟೇ. ಕಪ್ಪು ಮುಚ್ಚಳದ ಅಂಚಿನ ಸಿಲಿಕೋನ್ ಕತ್ತರಿಸಿ ತೆರೆದು, ಬೋರ್ಡಿನ ಸ್ಕ್ರೂ ಸಡಿಲಿಸಿ ತುಸು ಸರಿಸಿದರೆ ವೈಪರ್ ಹೊಸ ಜಾಗದಲ್ಲಿ ಓಡುತ್ತದೆ. ಸ್ಪ್ರಿಂಗ್ ಹಿಡಿದಿರುವ ಹಲ್ಲಿನ ಚಕ್ರ ಮುಟ್ಟಬೇಡಿ. ಅದು ಒಂದು ಹಲ್ಲು ಜಾರಿದರೂ ಮಿಶ್ರಣ ಕೆಡುತ್ತದೆ. ಮೊದಲೇ ಬಣ್ಣದ ಚುಕ್ಕೆ ಇಟ್ಟುಕೊಂಡರೆ ನೆಮ್ಮದಿ. ಥ್ರಾಟಲ್ ಸ್ವಿಚ್ಚಿನದೂ ಇದೇ ಕತೆ. ಪೆಡಲ್ ಬಿಟ್ಟಾಗ ಒಂದು ಕ್ಲಿಕ್, ಪೂರ್ತಿ ಒತ್ತಿದಾಗ ಸಂಪರ್ಕ ಸಿಕ್ಕರೆ ಸಾಕು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಸ್ಕ್ರೂ ಸಡಿಲಿಸಿ ಹೊಂದಿಸಿದರೆ ಮುಗಿಯಿತು.

ಕೊನೆಯದು ಎಕ್ಸಾಸ್ಟ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್. ಮೂರು ವೈರಿನದಿದ್ದರೆ ಹಳೆಯ ಫೋರ್ಡ್ ಮಸ್ಟಾಂಗ್ 5.0ಕ್ಕೆ ಬರುವ ಬಾಷ್ ಸೆನ್ಸರ್ ತಂದು, ನಿಮ್ಮ ಹಳೆಯ ಕನೆಕ್ಟರನ್ನೇ ಅದಕ್ಕೆ ಜೋಡಿಸಬಹುದು. ಬಿಳಿ ವೈರ್ ಎರಡೂ ಹೀಟರಿಗೆ, ಕಪ್ಪು ಸಿಗ್ನಲಿಗೆ. ಬೆಸುಗೆ ಹಾಕಬೇಡಿ, ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ವೈರಿಟ್ಟು ಒತ್ತಿ ಬಿಗಿಯಿರಿ). ಈ ಸೆನ್ಸರಿಗೆ ಹೊರಗಿನ ಗಾಳಿ ವೈರಿನ ಎಳೆಗಳ ನಡುವಿನಿಂದಲೇ ಸಿಗುತ್ತದೆ, ಸೀಸ ಹರಿದು ತುಂಬಿಕೊಂಡರೆ ಆ ದಾರಿ ಮುಚ್ಚುತ್ತದೆ. ಅದೇ ಕಾರಣಕ್ಕೆ ಕನೆಕ್ಟರಿಗೆ ಗ್ರೀಸ್ ಕೂಡ ತುಂಬಬಾರದು. ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿ ಸೀಜ್ ಪೇಸ್ಟ್ ಸ್ಕ್ರೂ ಥ್ರೆಡ್‌ಗಳಿಗಷ್ಟೇ, ತುದಿಗೆ ತಾಗಕೂಡದು. ಎಂಜಿನ್ ಕಾದ ಮೇಲೆ ಕಪ್ಪು ವೈರಿನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಮೀಟರ್ ಚುರುಕಾಗಿ ಓಲಾಡಬೇಕು. ಒಂದೇ ಕಡೆ ನಿಂತಿದ್ದರೆ ಸೆನ್ಸರನ್ನು ದೂರುವ ಮೊದಲು ಎಕ್ಸಾಸ್ಟ್ ಜಾಯಿಂಟುಗಳಲ್ಲಿ ಗಾಳಿ ಎಳೆಯುತ್ತಿದೆಯೇ ಎಂದು ನೋಡಿ.