ಅವರೆ ಬೇರು ಕಿತ್ತು ನೋಡಿದ ಮೇಲೆ

ಗೊಬ್ಬರದ ಅಂಗಡಿಯವರು ಬಾಟಲಿಯೊಂದನ್ನು ಮುಂದಿಟ್ಟು, "ಬಯೋಸ್ಟಿಮ್ಯುಲೆಂಟ್ ಸಾರ್, ಪಾಚೀದು. ಬೇರು ಹೆಂಗ್ ಬಿಡ್ತದೆ ನೋಡಿ" ಅಂದರು. ಬಯೋಸ್ಟಿಮ್ಯುಲೆಂಟ್ ಅಂದರೆ ಗಿಡದ ಬೆಳವಣಿಗೆ ಚುರುಕುಗೊಳಿಸುವ ಮದ್ದು. ಬೆಲೆ ಕೇಳಿ ಬಾಟಲಿಯನ್ನು ಅಲ್ಲೇ ಬಿಟ್ಟು ಬಂದೆ. ಪಾಚಿ ತಾನೇ, ನಮ್ಮ ಸಂಪಿನ ಗೋಡೆ ಮೇಲೆ ಬಿಟ್ಟಿ ಬೆಳೆಯುತ್ತೆ ಅನ್ನೋ ಧೈರ್ಯ.

ಆದರೆ ಸಂಪಿನ ಪಾಚಿಯನ್ನು ಬಳಸಲಿಲ್ಲ, ಕೆರೆ ನೀರಂತೂ ಬೇಡವೇ ಬೇಡ. ಬೆಂಗಳೂರಿನ ಕೆರೆಗಳಿಗೆ ಸೇರೋದು ಏನು ಅಂತ ಬೆಳ್ಳಂದೂರಿನ ನೊರೆ ಕಂಡವರಿಗೆ ಹೇಳಬೇಕಿಲ್ಲ. ಅದಲ್ಲದೆ ಅಂಥ ನೀರಲ್ಲಿ ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿ ಇದ್ದರೆ ಅದು ಯಕೃತ್ತಿಗೆ ವಿಷವಾಗುವ ವಸ್ತು ಬಿಡುತ್ತೆ. ತಿನ್ನೋ ಗಿಡಕ್ಕೆ ಅದನ್ನು ಹಾಕೋದಾ? ಕಾಲೇಜಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಪರಿಚಯದವರೊಬ್ಬರು ಸಣ್ಣ ಬಾಟಲಿಯಲ್ಲಿ ಕ್ಲೋರೆಲ್ಲಾ ಅನ್ನೋ ಹಸಿರು ಪಾಚಿ ಕೊಟ್ಟರು. ಒಂದೇ ಕೋಶದ ಜೀವಿ, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣದು. ಭತ್ತದ ಗದ್ದೆಗೆ ಹಾಕುವ ಅನಬೀನಾ, ನಾಸ್ಟಾಕ್ ಥರ ಇದು ಗಾಳಿಯ ಸಾರಜನಕ ಹಿಡಿಯೋದಿಲ್ಲ. ಇದರಿಂದ ಸಿಗೋದು ಅಮೈನೋ ಆಮ್ಲ, ಅಂಟಿನಂಥ ಶರ್ಕರಗಳು, ಆಕ್ಸಿನ್, ಸೈಟೊಕೈನಿನ್‌ನಂಥ ಹಾರ್ಮೋನುಗಳ ಲೇಶ.

20 ಲೀಟರಿನ ಹಳೇ ನೀರಿನ ಕ್ಯಾನು, ಅಕ್ವೇರಿಯಂ ಪಂಪು, ಮೇಲೆ ಶೇಡ್ ನೆಟ್. ಕಾವೇರಿ ನೀರಲ್ಲಿ ಕ್ಲೋರಿನ್ ಇರೋದರಿಂದ ಒಂದು ದಿನ ಬಾಯಿ ತೆರೆದು ಗಾಳಿಯಾಡಿಸಿ, ಆಮೇಲೆ 19 ಆಲ್ ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇಕಡಾ 19 ಇರುವಂಥದ್ದು) ಲೀಟರಿಗೆ 2 ಗ್ರಾಂ, ಚಿಟಿಕೆ ಯೂರಿಯಾ. ಕೈ ಸ್ವಲ್ಪ ಧಾರಾಳವಾಯಿತು, ಅದರ ಕಥೆ ಮುಂದೆ ಬರುತ್ತೆ. ಹತ್ತು ದಿನಕ್ಕೆ ನೀರು ಗಾಢ ಹಸಿರು. ನಮ್ಮೂರಿನ ಹವಾ ಇದಕ್ಕೆ ಹೇಳಿ ಮಾಡಿಸಿದ್ದು. ಏಪ್ರಿಲ್ ಬಿಸಿಲಲ್ಲಿ ಕ್ಯಾನು ಕಾಯದ ಹಾಗೆ ನೋಡಿಕೊಂಡರೆ ಆಯಿತು.

ಎರಡನೇ ಸಲದ್ದು ಕೈಕೊಟ್ಟಿತು. ರಾತ್ರಿ ಹಸಿರಾಗಿದ್ದ ನೀರು ಎರಡೇ ದಿನದಲ್ಲಿ ಕಷಾಯದ ಬಣ್ಣಕ್ಕೆ ತಿರುಗಿ, ತಿಳಿಯಾಗತೊಡಗಿತು. ಒಂದು ಹನಿಯನ್ನು ಫೋಲ್ಡ್‌ಸ್ಕೋಪ್ ಅನ್ನೋ ಕಾಗದದ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಾಯ ಸುತ್ತ ಚಕ್ರ ತಿರುಗಿದಂತೆ ರೋಮ ಆಡಿಸುವ ರೋಟಿಫರ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಹೊಟ್ಟೆ ತುಂಬ ಹಸಿರು. ನನ್ನ ಬೆಳೆ ಪೂರ್ತಿ ಅವುಗಳ ಊಟವಾಗಿತ್ತು. ಕ್ಯಾನನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ಬಾಯಿಗೆ ಹತ್ತಿ ಬಟ್ಟೆ ಕಟ್ಟಿ ಮತ್ತೆ ಶುರು ಮಾಡಿದೆ. ಒಂದು ಬಾಟಲಿ ಪಾಚಿಯನ್ನು ಬೇರೆಯಾಗಿ ಕಿಟಕಿ ಪಕ್ಕ ಇಡೋದನ್ನು ಕಲಿತದ್ದೂ ಅವತ್ತೇ.

ಗಿಡ ಅಂದರೆ ಅವರೆ. ಹಳೇ ತಳಿ ಚಳಿಗಾಲದಲ್ಲಷ್ಟೇ ಹೂ ಬಿಡುತ್ತೆ. ಕೃಷಿ ವಿವಿಯ ಹೆಬ್ಬಾಳ ಅವರೆ-4ಕ್ಕೆ ಆ ಹಂಗಿಲ್ಲ. ಸೊಗಡು ಕಡಿಮೆ ಅಂತ ಅಮ್ಮನ ತಕರಾರು, ಅದು ನಿಜ ಕೂಡ. ಹದಿನೈದು ಗ್ರೋ ಬ್ಯಾಗ್, ಮೂರು ಸಾಲು. ಮೊದಲನೇ ಸಾಲಿಗೆ ಬರೀ ನೀರು, ಎರಡನೆಯದಕ್ಕೆ ಹಸಿರು ನೀರು. ಮೂರನೆಯದಕ್ಕೆ ಪಾಚಿಯೇ ಇಲ್ಲದೆ, ಕ್ಯಾನಿಗೆ ಹಾಕಿದ್ದಷ್ಟೇ 19 ಆಲ್, ಯೂರಿಯಾ ಕರಗಿಸಿದ ನೀರು. ಈ ಮೂರನೇ ಸಾಲು ಪಾಚಿ ಕೊಟ್ಟ ಮೇಷ್ಟ್ರ ಒತ್ತಾಯಕ್ಕೆ ಇಟ್ಟಿದ್ದು. ನನಗೆ ಅದು ಜಾಗ ದಂಡ ಅನ್ನಿಸಿತ್ತು.

ತಿಂಗಳಾದಾಗ ಎರಡನೇ ಸಾಲು ಕಪ್ಪು ಹಸಿರಾಗಿ ಉಕ್ಕುತ್ತಿತ್ತು. ಪಕ್ಕದ ಮನೆ ಆಂಟಿ ಗೋಡೆಯಾಚೆಯಿಂದಲೇ, "ಏನ್ ಹಾಕ್ತಿದೀಯಪ್ಪ, ನಮಗೂ ಒಂಚೂರು ಕೊಡು" ಅಂದರು. ಎದೆಯುಬ್ಬಿಸಿಕೊಂಡು ತಿರುಗಿ ನೋಡಿದರೆ ಮೂರನೇ ಸಾಲೂ ಹಾಗೇ ಉಕ್ಕುತ್ತಿದೆ! ವ್ಯತ್ಯಾಸ ಹುಡುಕಿದರೂ ಸಿಗದು.

ಹೂ ಬಿಡುವ ಹೊತ್ತಿಗೆ ಸಾಲಿಗೊಂದರಂತೆ ಗಿಡ ಕಿತ್ತೆ. ಅಮ್ಮ, "ಹೂ ಬಿಟ್ಟಿರೋದನ್ನ ಕೀಳ್ತಾರೇನೋ!" ಅಂತ ಬೈದರು. ಬಕೆಟ್ ನೀರಲ್ಲಿ ಬೇರು ಅಲ್ಲಾಡಿಸಿದಾಗ ಬರೀ ನೀರಿನ ಗಿಡದ ತಾಯಿಬೇರಿಗೆ ದಪ್ಪ ದಪ್ಪ ಗಂಟು ಅಂಟಿದ್ದವು. ಉಗುರಲ್ಲಿ ಸೀಳಿದರೆ ಒಳಗೆ ಹಸಿ ಮಾಂಸದ ಗುಲಾಬಿ ಬಣ್ಣ. ನಮ್ಮ ರಕ್ತದ ಹೀಮೋಗ್ಲೋಬಿನ್‌ಗೆ ದಾಯಾದಿಯಾದ ಲೆಗ್‌ಹೀಮೋಗ್ಲೋಬಿನ್ ಅದು, ಗಂಟಿನೊಳಗೆ ಕೂತು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸ ಮಾಡ್ತಿದೆ ಅನ್ನೋದರ ಗುರುತು. ಹಸಿರು ನೀರಿನ ಗಿಡದಲ್ಲಿ ಗಂಟು ಬೆರಳೆಣಿಕೆಯಷ್ಟು, ಸಾಸಿವೆ ಕಾಳಿನಂಥವು, ಒಳಗೆ ಬಿಳಿ. ಮೂರನೆಯದೂ ಅಷ್ಟೇ. (ಉಜ್ಜಿದರೆ ಬಿಡಿಸಿಕೊಂಡು ಬಂದರೆ ಒಳ್ಳೇ ಗಂಟು, ಬೇರಿನ ಮೈಯೇ ಊದಿಕೊಂಡು ಬಿಡಿಸಲು ಬಾರದಿದ್ದರೆ ಅದು ಜಂತುಹುಳುವಿನ ಕಾಟ. ಎರಡನ್ನೂ ಒಂದೇ ಅಂತ ಖುಷಿಪಟ್ಟವರನ್ನು ನೋಡಿದ್ದೇನೆ.)

ವಿಷಯ ಸರಳ. ಮಣ್ಣಲ್ಲಿ ಸಾರಜನಕ ಬಿಟ್ಟಿ ಸಿಗುವಾಗ ಅವರೆ ಗಿಡ ರೈಜೋಬಿಯಂಗೆ ಸಕ್ಕರೆ ಹಾಕಿ ಸಾಕೋದಿಲ್ಲ. ನಾನು ಧಾರಾಳವಾಗಿ ಸುರಿದ ಗೊಬ್ಬರವನ್ನು ಪಾಚಿ ತಿಂದು ಮುಗಿಸಿರಲಿಲ್ಲ, ಉಳಿದದ್ದು ಗಿಡಕ್ಕೆ ಹೋಯಿತು. ಆಂಟಿ ಮೆಚ್ಚಿದ್ದು ಯೂರಿಯಾವನ್ನು. ಮೂರನೇ ಸಾಲು ಇಲ್ಲದಿದ್ದರೆ ಇವತ್ತಿಗೂ ಪಾಚಿ ಮಹಿಮೆ ಹಾಡಿಕೊಂಡು ಓಡಾಡುತ್ತಿದ್ದೆ.

ಮುಂದಿನ ಬಿತ್ತನೆಗೆ ಗೊಬ್ಬರ ಕಾಲು ಭಾಗಕ್ಕೆ ಇಳಿಸಿದೆ. ಬೆಳೆದ ಮೇಲೆ ಪಂಪು ನಿಲ್ಲಿಸಿದರೆ ಎರಡು ಮೂರು ದಿನಕ್ಕೆ ಬಹುಪಾಲು ಪಾಚಿ ತಳ ಸೇರುತ್ತೆ. ಮೇಲಿನ ನೀರು ಬಸಿದು, ಹೊಸ ನೀರು ಹಾಕಿ, ಮತ್ತೆ ಬಸಿದರೆ ಸಿಗೋದು ದೋಸೆ ಹಿಟ್ಟಿನ ಹದದ ಹಸಿರು ಗಸಿ. ಕ್ಲೋರೆಲ್ಲಾದ ಹೊರಗೋಡೆ ಗಟ್ಟಿ, ಒಳಗಿನ ಸಾರ ಹಾಗೇ ಹೊರಬರೋದಿಲ್ಲ. ಅದಕ್ಕೆ ಐಸ್ ಟ್ರೇಯಲ್ಲಿ ಎರಡು ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸಿದೆ. ಒಂದಷ್ಟು ಕೋಶ ಒಡೆಯುತ್ತವೆ. ಫ್ರೀಜರ್ ತೆಗೆದ ಅಮ್ಮ, "ಪುದೀನ ಚಟ್ನಿ ಯಾವಾಗ ಮಾಡ್ದೆ?" ಅಂದರು. ಅವತ್ತಿಂದ ಟ್ರೇ ಮೇಲೆ ಚೀಟಿ ಅಂಟಿಸಿದೆ. ಎರಡು ಲೀಟರ್ ನೀರಿಗೆ ಒಂದು ಗಡ್ಡೆ, ಹದಿನೈದು ದಿನಕ್ಕೊಮ್ಮೆ, ಸಂಜೆ, ಬುಡಕ್ಕೆ ಮಾತ್ರ.

ಈ ಸಲ ಎಲೆ ನೋಡಿ ಯಾರೂ ಏನೂ ಕೇಳಲಿಲ್ಲ. ಬೇರು ಮಾತ್ರ ಬೇರೆ ಕಥೆ ಹೇಳಿತು. ಕವಲುಬೇರು ಜಾಸ್ತಿ, ಗಂಟು ಬರೀ ನೀರಿನ ಗಿಡದಷ್ಟೇ ದಪ್ಪ, ಗುಲಾಬಿ, ಎಣಿಕೆಯಲ್ಲಿ ತುಸು ಮುಂದೆ. ಮಣ್ಣಿನ ಜೀವಿಗಳು ಹತ್ತಿಯನ್ನು ಎಷ್ಟು ಬೇಗ ತಿನ್ನುತ್ತವೆ ಅಂತ ನೋಡಲು ಬ್ಯಾಗಿಗೊಂದರಂತೆ ಹೂತಿಟ್ಟಿದ್ದ ಹಳೇ ಬನಿಯನ್ ಚೂರುಗಳಲ್ಲಿ ಗಸಿ ಹಾಕಿದ ಕಡೆಯದು ಜರಡಿಯಾಗಿತ್ತು, ಬರೀ ನೀರಿನ ಕಡೆಯದು ಎಳೆದರೆ ಇನ್ನೂ ತಡೆಯುತ್ತಿತ್ತು. ಪಾಚಿಯ ಸಕ್ಕರೆ, ಪ್ರೋಟೀನು ತಿಂದು ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ, ಶಿಲೀಂಧ್ರ ಚುರುಕಾಗಿವೆ ಅಂತ ನನ್ನ ಲೆಕ್ಕ. ಬೇರಿಗೆ ಅಂಟಿದ ಮಣ್ಣು ಕೊಡವಿದರೂ ಬೀಳದೆ ಹಿಡಿದುಕೊಂಡಿದ್ದೂ ಅದನ್ನೇ ಹೇಳುತ್ತಿತ್ತು. ಸಾಲಿಗೆ ಐದೇ ಬ್ಯಾಗು, ಹಾಗಾಗಿ ಹೆಚ್ಚು ಬೀಗಲಾರೆ. ಕಾಯಿ ತೂಕ ನೋಡೋಣ ಅಂದರೆ ಅಮ್ಮ ಮೂರೂ ಸಾಲಿನದ್ದನ್ನು ಒಂದೇ ಮೊರಕ್ಕೆ ಬಿಡಿಸಿ ಹಿತಕಬೇಳೆ ಮಾಡಿಬಿಟ್ಟಿದ್ದರು.

ಬಸಿದ ಮೇಲಿನ ನೀರು ಈಗ ಆಂಟಿ ಮನೆಗೆ. ಅವರು ಬೆಳೆಯೋದು ದಂಟಿನ ಸೊಪ್ಪು, ಅದಕ್ಕೆ ಯೂರಿಯಾದ ಅಂಶವೇ ಬೇಕು.