ಹಳೇ ಜಿಮ್ ಬೆಂಚ್ ಕೊಳ್ಳುವ ಮುನ್ನ ಕಾಲಿನ ಮುಚ್ಚಳ ಕಿತ್ತು ನೋಡಿ

ಸೆಕೆಂಡ್ ಹ್ಯಾಂಡ್ ಬೆಂಚ್, ಸ್ಕ್ವಾಟ್ ಸ್ಟ್ಯಾಂಡ್ (ಭಾರದ ಸರಳು ಇಡುವ ಚೌಕಟ್ಟು) ಯಾವುದೇ ಇರಲಿ, ದರ ಮಾತಾಡುವ ಮೊದಲು ಕಾಲಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿ, ಮೊಬೈಲ್ ಟಾರ್ಚ್ ಹಾಕಿ ಪೈಪಿನ ಒಳಗೆ ನೋಡಿ. ತೆಳ್ಳಗೆ ಕಂದು ತುಕ್ಕಿನ ಪುಡಿ ಇದ್ದರೆ ಅಡ್ಡಿಯಿಲ್ಲ. ಹಪ್ಪಳದ ಹಾಗೆ ಚಕ್ಕೆ ಎದ್ದು ಉದುರುತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಪೌಡರ್ ಕೋಟಿಂಗ್ (ಪುಡಿ ಬಣ್ಣದ ಲೇಪ) ಸಾಮಾನ್ಯವಾಗಿ ಹೊರಮೈಗೆ ಮಾತ್ರ. ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿ ಬೋಲ್ಟ್ ತೂತಿನಿಂದ ಒಳಹೊಕ್ಕರೆ, ಆ ಉಪ್ಪು ಪಸೆ ಆರಲು ಬಿಡುವುದಿಲ್ಲ. ಹೊರಗೆ ಫಳಫಳ, ಒಳಗೆ ಟೊಳ್ಳು. ಶಿರಸಿ ಕಡೆಯ ಮಾಲಿಗೆ ಉಪ್ಪಿನ ಕಾಟವಿಲ್ಲ, ಆದರೆ ಮಳೆಗಾಲವಿಡೀ ಜಗುಲಿಯಲ್ಲಿಟ್ಟಿದ್ದರೆ ಅದನ್ನೂ ನೋಡಿಯೇ ತನ್ನಿ.

ಪೈಪಿನ ತುದಿ ವೆಲ್ಡ್ ಮಾಡಿ ಮುಚ್ಚಿದ್ದರೆ ಈ ಉಪಾಯ ನಡೆಯದು. ಆಗ ಸ್ಪ್ಯಾನರ್‌ನಿಂದ ಉದ್ದಕ್ಕೂ ಮೆಲ್ಲಗೆ ತಟ್ಟಿ. ಠಣ್ ಎನ್ನುತ್ತಿದ್ದದ್ದು ಒಂದು ಕಡೆ ಮಂಕಾದರೆ ಅಲ್ಲಿ ಅನುಮಾನ. ಹೊಸದಾಗಿ ಬಣ್ಣ ಬಳಿದಿದ್ದರೆ ವೆಲ್ಡ್ ಪಕ್ಕದಲ್ಲಿ ಸಣ್ಣ ಅಯಸ್ಕಾಂತ ಹಿಡಿಯಿರಿ, ಪುಟ್ಟಿ (ತೂತು ಮುಚ್ಚುವ ಲೇಪ) ತುಂಬಿದ ಜಾಗದಲ್ಲಿ ಅದು ಸರಿಯಾಗಿ ಕಚ್ಚುವುದಿಲ್ಲ. ಪುಲ್ಲಿ ಕೇಬಲ್ ಇದ್ದರೆ ಹತ್ತಿ ಬಟ್ಟೆಯಿಂದ ಸವರಿ (ಬರಿಗೈ ಬೇಡ, ಸೀಳುತ್ತದೆ). ಎಳೆ ಸಿಕ್ಕಿಕೊಂಡರೆ ತಂತಿ ತುಂಡಾಗಿದೆ, ಕೇಬಲ್ ಬದಲಿಸುವ ಖರ್ಚು ದರದಲ್ಲಿ ಕಳೆಯಿರಿ. ಟ್ರೆಡ್‌ಮಿಲ್‌ಗೆ ಇದೆಲ್ಲ ಸಾಲದು. ಅದರ ಕಾಯಿಲೆ ಹೆಚ್ಚಾಗಿ ಮೋಟರ್, ಸರ್ಕ್ಯೂಟ್ ಬೋರ್ಡಿನಲ್ಲಿ. ಮನೆಯಲ್ಲಿ ತೂಕ ಜಾಸ್ತಿ ಇರುವವರನ್ನೇ ಹತ್ತಿಸಿ 10 ನಿಮಿಷ ನಡೆಸಿ, ಸುಟ್ಟ ವಾಸನೆ ಬರುತ್ತದಾ ನೋಡಿ.