ಪುಟ್ಟ ಮಕ್ಕಳಿಗೆ ಲಾಮಾ ಅನ್ನೋ ಪ್ರಾಣಿಯ ಪರಿಚಯ ಮಾಡಿಸೋದು ಹೇಗೆ?

ಮೊದಲು ಒಂದು ಫೋಟೋ ತೋರಿಸಿ, ಏನೂ ಹೇಳಬೇಡಿ. ಕುರಿ ಅಂತಾರೆ, ಜಿರಾಫೆ ಮರಿ ಅಂತಾರೆ. ಒಂಟೆ ಅಂದ ಮಗುವಿಗೆ ಚಪ್ಪಾಳೆ ತಟ್ಟಿ, ಯಾಕಂದ್ರೆ ಲಾಮಾ ನಿಜಕ್ಕೂ ಒಂಟೆಯ ನೆಂಟ, ಡುಬ್ಬ ಮಾತ್ರ ಇಲ್ಲ.

ಆಮೇಲೆ ಗ್ಲೋಬ್ ತನ್ನಿ. ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ ಮಗುವಿನ ಬೆರಳು ಹಿಡಿದು ಮೇಲಿಂದ ಕೆಳಗೆ ಓಡಿಸಿ: ಇದೇ ಆಂಡಿಸ್ ಬೆಟ್ಟಸಾಲು. ಪೆರು, ಬೊಲಿವಿಯಾ, ಈ ಎರಡು ಹೆಸರು ಸಾಕು. ಅಲ್ಲಿನ ಜನ 4,000 ವರ್ಷಕ್ಕೂ ಹಿಂದೆ ಗ್ವಾನಾಕೊ ಅನ್ನೋ ಕಾಡುಪ್ರಾಣಿಯನ್ನು ಪಳಗಿಸಿದರು, ಅದೇ ಬರಬರುತ್ತಾ ಲಾಮಾ ಆಯ್ತು. ಲೆಕ್ಕ ಬಾಯಿಪಾಠ ಮಾಡಿಸಬೇಡಿ. 'ಅಜ್ಜಿಯ ಅಜ್ಜಿಗಿಂತ ಎಷ್ಟೋ ಹಿಂದೆ' ಅಂದರೆ ಅರ್ಥವಾಗುತ್ತದೆ.

ಈಗ ಆಟ. ಮಗುವೇ ಲಾಮಾ. ಬೆನ್ನಿಗೆ ಖಾಲಿ ಬ್ಯಾಗ್ ಹಾಕಿ, ಒಂದೊಂದೇ ಪುಸ್ತಕ ಇಡುತ್ತಾ ಹೋಗಿ, ಭಾರ ಅನ್ನಿಸಿದ ಕೂಡಲೇ ದೊಪ್ ಅಂತ ಕೂತುಬಿಡಲಿ. ನಿಜವಾದ ಲಾಮಾ ಮಾಡೋದೂ ಅದನ್ನೇ: 25-30 ಕೆಜಿ ಹೊತ್ತು ಬೆಟ್ಟ ಹತ್ತುತ್ತದೆ, ಜಾಸ್ತಿ ಹೇರಿದರೆ ಅಲ್ಲೇ ಕೂರುತ್ತದೆ, ಏಳು ಅಂದರೂ ಏಳಲ್ಲ. ಹಠಮಾರಿ ಮಕ್ಕಳಿಗೆ ಇದು ಸಿಕ್ಕಾಪಟ್ಟೆ ಇಷ್ಟ!

ಉಗುಳೋ ವಿಷಯ ಕೊನೆಗಿಡಿ, ಮೊದಲೇ ಹೇಳಿದರೆ ಬೇರೇನೂ ಕೇಳಿಸಿಕೊಳ್ಳಲ್ಲ. ಸಿಟ್ಟು ಬಂದ ಲಾಮಾ ಕಿವಿ ಹಿಂದಕ್ಕೆ ಮಡಚಿ, ಮೂತಿ ಮೇಲೆತ್ತಿ 'ಥೂ' ಅನ್ನುತ್ತದೆ, ಅದೂ ಹೆಚ್ಚಾಗಿ ಮೇವಿಗೆ ಜಗಳ ಬಂದಾಗ ಇನ್ನೊಂದು ಲಾಮಾ ಮೇಲೆ. ನಟಿಸಿ ತೋರಿಸಲಿ, ಆದರೆ ಬಾಯಲ್ಲಿ ನೀರಿಲ್ಲದಾಗ.

ಲಾಮಾ ಥರಾನೇ ಕಾಣೋ ಅದರ ನೆಂಟ ಅಲ್ಪಾಕಾ ಬೇರೆ ಅಲ್ವಾ ಅಂತ ಕೇಳಿದರೆ ಕಿವಿ ತೋರಿಸಿ. ಲಾಮಾ ಕಿವಿ ಉದ್ದ, ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ.